ಗಣಕದ ಹಳೆಯ ಕನ್ನಡ, ಹೊಸ ಕನ್ನಡ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ: ಈ ಹೆಸರುಗಳನ್ನು ನಾವು ಓದುವ ಬಗೆ ಒಂದು, ಗಣಕಯಂತ್ರವು ಇಟ್ಟುಕೊಳ್ಳುವ ಬಗೆ ಇನ್ನೊಂದು. ಯಂತ್ರಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ಯಾವ ಅಂಕಿಗೆ ಯಾವ ಅಕ್ಷರವೆಂಬ ಕರಾರನ್ನು ನಾವೇ ಮಾಡಿಕೊಡಬೇಕು. ಆ ಕರಾರು ಬದಲಾದರೆ ಹಳೆಯ ಬರಹವನ್ನೂ, ಅದನ್ನು ನಂಬಿ ಕಟ್ಟಿದ ತಂತ್ರಾಂಶವನ್ನೂ ಹೊಸ ವ್ಯವಸ್ಥೆಗೆ ಸಾಗಿಸಬೇಕಾಗುತ್ತದೆ. ಈ ಸಾಗಾಟ ತೋರುವಷ್ಟು ಸುಲಭವಲ್ಲ.

ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಮೊದಲಾದ ಪರಭಾಷೆಯ ಅಕ್ಷರಗಳ ಮನೆಗಳಲ್ಲೇ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದರು. ಜಾಣ ಉಪಾಯವೇ ಸರಿ. ಎಷ್ಟೋ ಕಚೇರಿಗಳ ಕೆಲಸ ಅದರಿಂದಲೇ ನಡೆಯಿತು. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ‘ಗಿ’ ಇರಬೇಕಾದಲ್ಲಿ ಇಂಗ್ಲಿಷಿನ ‘ವಿ’ ಬಂದು ಕೂರುತ್ತದೆ. 1991ರಲ್ಲಿ ಹೊರಬಂದ ಯುನಿಕೋಡ್ ಕನ್ನಡಕ್ಕೆಂದೇ 128 ಮನೆಗಳ ಕೇರಿಯೊಂದನ್ನು ಮೀಸಲಿಟ್ಟಿತು. ನುಡಿಯ ಈಚಿನ ಆವೃತ್ತಿಗಳೂ ಅದಕ್ಕೆ ಒಗ್ಗಿವೆ.

ಹಾಗಾದರೆ ಹಳೆಯ ಅಂಕಿ ತೆಗೆದು ಹೊಸದನ್ನು ಇಟ್ಟರಾಯಿತಲ್ಲವೇ? ಆಗದು. ಹಳೆಯ ಪದ್ಧತಿ ಕೈ ಬರೆದಂತೆ, ಹೊಸದು ಬಾಯಿ ನುಡಿದಂತೆ. ‘ಬ್ಯಾಡಗಿ’ ಎಂಬುದನ್ನು ಹಳೆಯ ನುಡಿಯು ಬಕಾರ, ಇಳಿ, ಯಒತ್ತು, ಡಕಾರ, ತಲೆಕಟ್ಟು, ‘ಗಿ’ ಎಂದು ಆರು ತುಂಡಾಗಿ ಇಡುತ್ತಿತ್ತು. ಯುನಿಕೋಡಿನಲ್ಲಿ ಯಕಾರ ಮೊದಲು, ಇಳಿ ಆಮೇಲೆ. ‘ಗಿ’ ಒಡೆದು ಗಕಾರ, ಗುಡಿಸು ಎಂದು ಎರಡಾಗುತ್ತದೆ. ಒಟ್ಟು ಏಳು ಸಂಕೇತ.

ಸ್ಥಳದ ಪ್ರಶ್ನೆ ಇನ್ನೂ ಬಿಗಿಯಾದದ್ದು. ಹಿಂದೆ ತುಂಡಿಗೊಂದು ಬೈಟ್ ಸಾಕಿತ್ತು. ಈಗ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಬ್ಯಾಡಗಿಗೆ 21, ರಾಣೆಬೆನ್ನೂರಿಗೆ 36. ಊರಿನ ಹೆಸರಿಗೆ 20 ಬೈಟ್ ಮೀಸಲಿಟ್ಟ ಹಳೆಯ ತಂತ್ರಾಂಶವೊಂದಿದೆ ಎನ್ನೋಣ. ಅದರಲ್ಲಿ ಹಿಂದೆ ಎರಡೂ ಹೆಸರು ಸಲೀಸಾಗಿ ಹಿಡಿಸುತ್ತಿದ್ದವು. ಈಗ ಬ್ಯಾಡಗಿಯ ಗುಡಿಸು ಮುರಿದುಬೀಳುತ್ತದೆ. ರಾಣೆಬೆನ್ನೂರು ‘ರಾಣೆಬೆ’ ಎಂಬಲ್ಲಿಗೇ ನಿಲ್ಲುತ್ತದೆ. ಹುಡುಕುವ, ಅಕಾರಾದಿಯಾಗಿ ಜೋಡಿಸುವ ಭಾಗಗಳನ್ನೂ ಹೊಸದಾಗಿಯೇ ಬರೆಯಬೇಕು.

ಎಲ್ಲಕ್ಕಿಂತ ಮೋಸದ್ದು ಅರ್ಕಾವತ್ತು. ಹಾವೇರಿ ತಾಲೂಕಿನ ಕರ್ಜಗಿಯನ್ನೇ ತೆಗೆದುಕೊಳ್ಳಿ. ಅರ್ಕಾವತ್ತಿನ ರೂಪವೂ ಕನ್ನಡದ ಒಂಬತ್ತರ ರೂಪವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ‘ಕಜ೯ಗಿ’ ಎಂದು ಅಂಕಿಯನ್ನೇ ಒತ್ತಿ ಮುಗಿಸಿದ ಬೆರಳಚ್ಚುಗಾರರುಂಟು. ಮುದ್ರಿಸಿದ ಹಾಳೆಯಲ್ಲಿ ಯಾರಿಗೂ ಕೊರತೆ ಕಾಣದು. ಯಂತ್ರಕ್ಕೆ ಮಾತ್ರ ಇವು ಎರಡು ಬೇರೆ ಊರು! ತಂದೆಯ ಹೆಸರಿನಲ್ಲಿ ಒಂದು ಬಗೆ, ಮಗನ ಅರ್ಜಿಯಲ್ಲಿ ಇನ್ನೊಂದು ಬಗೆ ಇದ್ದರೆ ಹೊಂದಾಣಿಕೆ ಇಲ್ಲವೆಂದು ಯಂತ್ರ ಅರ್ಜಿಯನ್ನು ತಳ್ಳಿಬಿಡುತ್ತದೆ. ಅಲೆಯುವವನು ಆ ಮಗ.

ಪರಿವರ್ತಕ ತಂತ್ರಾಂಶಗಳು ಇಲ್ಲದಿಲ್ಲ. ಪುಟಗಟ್ಟಲೆ ಬರಹವನ್ನು ಕ್ಷಣದಲ್ಲಿ ಬದಲಿಸಿಕೊಡುತ್ತವೆ. ಆದರೆ ‘೯’ ಕಂಡಲ್ಲಿ ಅದು ಮನೆಯ ಸಂಖ್ಯೆಯೋ, ಊರಿನ ಅರ್ಕಾವತ್ತೋ ಎಂಬುದನ್ನು ಪ್ರತಿಸಲವೂ ಸರಿಯಾಗಿ ಹೇಳಲಾರವು. ಹೀಗಾಗಿ ಪರಿವರ್ತನೆಯಾದ ಪಟ್ಟಿಯನ್ನು ಆ ಸೀಮೆಯ ಊರು, ಮನೆತನಗಳ ಹೆಸರು ಬಲ್ಲ ಒಬ್ಬರು ಕುಳಿತು ಓದಬೇಕು. ಓದಿ ಮುಗಿಯುವವರೆಗೆ ಹಳೆಯ ಕಡತವನ್ನೂ, ಅದರ ಫಾಂಟನ್ನೂ ಅಳಿಸಕೂಡದು.