ದಾಖಲೆ ಪುಸ್ತಕದಿಂದ ಪರದೆಯವರೆಗೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



“ಬೆಂಗಳೂರಲ್ಲಿ ಅದೇನಪ್ಪಾ ನಿನ್ನ ಕೆಲಸ?” ಎಂದು ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಒಂದು ಕಡೆ ಕೂಡಿಟ್ಟ ದಾಖಲೆಯನ್ನು ಕೇಳಿದವರ ಪರದೆಯ ಮೇಲೆ ತೋರಿಸುವುದು. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮಗೆಲ್ಲ ಗೊತ್ತಿರುವ ಪಹಣಿಯನ್ನೇ ತೆಗೆದುಕೊಳ್ಳೋಣ. ಹಿಂದೆ ಅದು ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಈಗ ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದರೆ ಮೊಬೈಲಿನಲ್ಲೇ ಕಾಣುತ್ತದೆ.

ವೆಬ್ ಪುಟದ ಒಳಗೆ ನಡೆಯುವುದೂ ಕಚೇರಿಯ ಕೆಲಸವೇ. ಮೊದಲನೆಯದು, ಯಾವ ಅರ್ಜಿ ಯಾವ ಕಿಟಕಿಗೆ ಎಂದು ತಿಳಿಸುವ ಬೋರ್ಡು; ಅದು ವೆಬ್ ವಿಳಾಸ. ಎರಡನೆಯದು, ಅರ್ಜಿ ನೋಡಿ ಏನು ಬೇಕೆಂದು ನಿರ್ಧರಿಸುವ ಗುಮಾಸ್ತ. ಅದಕ್ಕೆ ವ್ಯೂ ಎನ್ನುತ್ತೇವೆ. ಮೂರನೆಯದು ರೆಕಾರ್ಡ್ ರೂಮು, ಅದೇ ಡೇಟಾಬೇಸ್. ನಾಲ್ಕನೆಯದು, ಹೆಸರು ವಿವರ ತುಂಬಲು ಜಾಗ ಬಿಟ್ಟಿರುವ ನಮೂನೆ; ಅದು ಟೆಂಪ್ಲೇಟ್. ಈ ನಾಲ್ಕನ್ನೂ ಜೋಡಿಸಿ ಸಿದ್ಧವಾಗಿ ಕೊಡುವುದೇ ಫ್ರೇಮ್‌ವರ್ಕ್. ಅವುಗಳಲ್ಲಿ ಒಂದಾದ ಜ್ಯಾಂಗೋ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು.

ದಾಖಲೆ ಹುಡುಕಲು ಬದಲಾಗದ ಗುರುತು ಬೇಕು. ಇದು ನಮ್ಮ ಸೀಮೆಗೆ ಹೊಸದಲ್ಲ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟವಾಗಿ 1902ರಲ್ಲಿ ಹೊರತಂದಾಗ, ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಕೊಟ್ಟರು. ಬಲ್ಲಾಳನ ಹೆಸರು ಹತ್ತಾರು ಕಲ್ಲುಗಳಲ್ಲಿ ಬರುತ್ತದೆ. ಆದರೆ ಆ ಸಂಪುಟದಲ್ಲಿ ‘ಅರಸೀಕೆರೆ 1’ ಎಂದರೆ ಒಂದೇ ಶಾಸನ. ಡೇಟಾಬೇಸಿನಲ್ಲಿ ಇದನ್ನೇ ಪ್ರೈಮರಿ ಕೀ ಎನ್ನುತ್ತೇವೆ. ನಮ್ಮ ಶಾಲೆಯ ದಾಖಲಾತಿ ಸಂಖ್ಯೆಯೂ ಅದೇ.

ಗುಮಾಸ್ತ ಜಾಣನಿರಬೇಕು. ನಲವತ್ತು ಮಕ್ಕಳ ಅಂಕ ಬೇಕೆಂದಾಗ ನಲವತ್ತು ಸಲ ರೆಕಾರ್ಡ್ ರೂಮಿಗೆ ಓಡಿದರೆ ಸಾಲು ಬೆಳೆಯುತ್ತದೆ. ಪಟ್ಟಿ ಹಿಡಿದು ಒಂದೇ ಸಲ ಹೋಗಿ ತರಬೇಕು. ಎಷ್ಟೋ ವೆಬ್ ಪುಟಗಳು ನಿಧಾನವಾಗಲು ಈ ಓಡಾಟವೇ ಕಾರಣ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಗೋಪಾಲ’ ಎಂಬ ಹೆಸರಿನ ‘ಗೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿಬಿಡಿ ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಾರದೆ ಹುಡುಕಿದರೆ, ಇರುವ ಮನುಷ್ಯನ ಹೆಸರೇ ‘ದಾಖಲೆ ಇಲ್ಲ’ ಎಂದು ಬರಬಹುದು. ಪಿಂಚಣಿಗೋ ಸಾಲಕ್ಕೋ ಬಂದು ನಿಂತ ಅಜ್ಜನಿಗೆ ಅದು ತಂತ್ರಜ್ಞಾನದ ಸಮಸ್ಯೆಯಲ್ಲ, ಬದುಕಿನ ಸಮಸ್ಯೆ.

ಈಗ ನಮ್ಮ ಶಾಲೆಯ ವಿಷಯ. ಐವತ್ತು ವರ್ಷದ ದಾಖಲಾತಿ ರಿಜಿಸ್ಟರನ್ನು ವೆಬ್ ಪುಟದಲ್ಲಿ ಹಾಕೋಣ ಎಂದು ಕೆಲವು ಗೆಳೆಯರು ಹೇಳುತ್ತಿದ್ದಾರೆ. ಒಳ್ಳೆಯ ಯೋಚನೆ. ಹಾಳೆ ಹರಿಯುವ ಮುನ್ನ, ಗೆದ್ದಲು ಮುಟ್ಟುವ ಮುನ್ನ ಅದು ಆಗಬೇಕು. ಮಾಡುವುದೂ ಕಷ್ಟವಲ್ಲ. ಜ್ಯಾಂಗೋದಲ್ಲಿ ಎಲ್ಲ ದಾಖಲೆಗಳನ್ನೂ ಪುಟಕ್ಕೆ ತರಲು ಕೆಲವೇ ಸಾಲು ಸಾಕು. ನನಗೆ ಅಳುಕಿರುವುದು ಅಲ್ಲಿಯೇ. ಆ ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ಜಾತಿ ಇದೆ, ಹುಟ್ಟಿದ ದಿನಾಂಕ ಇದೆ, ಯಾವ ತರಗತಿಯಲ್ಲಿ ಶಾಲೆ ಬಿಟ್ಟರು ಎಂದಿದೆ. ಹದಿನಾಲ್ಕಕ್ಕೇ ಶಾಲೆ ಬಿಡಬೇಕಾಗಿ ಬಂದ ಹೆಣ್ಣುಮಗಳೊಬ್ಬಳ ಆ ಸಾಲನ್ನು ಇವತ್ತು ಅವಳ ಮೊಮ್ಮಗನ ಸ್ನೇಹಿತರು ಮೊಬೈಲಿನಲ್ಲಿ ಓದಬೇಕೇ?

ಫ್ರೇಮ್‌ವರ್ಕ್ ಕಳ್ಳರಿಂದ ಒಂದಿಷ್ಟು ಕಾಪಾಡುತ್ತದೆ. ಹೆಸರು ಬರೆಯುವ ಜಾಗದಲ್ಲಿ ಯಾರಾದರೂ ಡೇಟಾಬೇಸಿಗೆ ಆಜ್ಞೆ ಬರೆದರೆ, ಕ್ರಮವಾಗಿ ಬಳಸಿದಾಗ ಅದನ್ನು ಬರೀ ಹೆಸರೆಂದೇ ಎಣಿಸುತ್ತದೆ. ಆದರೆ ಯಾವ ಕಾಲಮ್ಮು ಯಾರಿಗೆ ಕಾಣಬೇಕು ಎಂಬುದನ್ನು ಅದು ತಾನಾಗಿ ತೀರ್ಮಾನಿಸದು. ವಿಳಾಸದ ಕೊನೆಯ ಸಂಖ್ಯೆ 101 ಇದ್ದದ್ದನ್ನು 102 ಮಾಡಿದರೆ ಪಕ್ಕದವರ ದಾಖಲೆ ತೆರೆದುಕೊಳ್ಳಬಾರದು; ಆ ತಡೆಯನ್ನು ನಾವೇ ಬರೆಯಬೇಕು. 2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ್ದೂ ಇಂಥ ಕಾಳಜಿಯಿಂದಲೇ.

ಆದ್ದರಿಂದ ನನ್ನ ಸಲಹೆ ಇಷ್ಟು. ಒಪ್ಪಿದವರ ಹೆಸರು ಮತ್ತು ಓದಿದ ವರ್ಷ ಮಾತ್ರ ಎಲ್ಲರಿಗೂ ಕಾಣಲಿ. ಉಳಿದ ವಿವರ ಮುಖ್ಯೋಪಾಧ್ಯಾಯರ ಸುಪರ್ದಿಯಲ್ಲಿದ್ದು, ಸಂಬಂಧಪಟ್ಟವರು ಕೇಳಿದಾಗ ಮಾತ್ರ ಸಿಗಲಿ. ಈ ಕ್ರಮಕ್ಕೆ ಶಾಲೆ ಒಪ್ಪಿದರೆ ಪುಟ ಮಾಡಿಕೊಡುವ ಕೆಲಸ ನನ್ನದು.

ವಿದ್ಯಾರ್ಥಿಗಳೇ, ಮುಂದೆ ನಿಮ್ಮಲ್ಲೂ ಕೆಲವರು ಈ ಕೆಲಸಕ್ಕೆ ಬರುತ್ತೀರಿ. ಪರದೆಯ ಮೇಲಿನ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ ಎಂಬುದನ್ನು ಮರೆಯಬೇಡಿ.