ಜೋಡಿ ಒಬ್ಬರು ಹೋಗೋಣ
(ಬೆಳ್ಳಿಹಬ್ಬದ ಭಾಷಣ)



ನಮ್ಮ ಊರುಗಳಲ್ಲಿ ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ. ಹೊಟ್ಟೆನೋವು ಬಂದರೂ 'ಇಲ್ಲಿ ನೋಯಾಕತ್ತೈತಿ' ಎಂದು ಹೇಳಲು ಕೆಲವರಿಗೆ ಬಾರದು; ಊಟ ಬಿಡ್ತಾರ, ಸಿಟ್ಟಿಗೇಳ್ತಾರ. ಅದನ್ನು ಹಟವೆಂದು ತಿಳಿಯದೆ ಡಾಕ್ಟರಿಗೆ ತೋರಿಸಬೇಕು.

1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಬಾದಾಮಿ, ಹುನಗುಂದ, ಇಳಕಲ್ಲಿನವರಿಗೂ ಜಿಲ್ಲಾ ಆಸ್ಪತ್ರೆ ಈಗ ಬಾಗಲಕೋಟೆಯಲ್ಲೇ ಇದೆ. ಆದರೆ ಅಲ್ಲಿಯ ಸಾಲಿನಲ್ಲಿ ಇಂಥವರು ತಾಸುಗಟ್ಟಲೆ ನಿಲ್ಲಲಾರರು. ತಪಾಸಣೆ, ಚಿಕಿತ್ಸೆಯಲ್ಲಿ ಇವರಿಗೆ ಆದ್ಯತೆ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೆಯ ಕಲಂ ಹೇಳುತ್ತದೆ. ಇದು ದಯೆಯಲ್ಲ, ಹಕ್ಕು. ಕೇಳಲು ನಾಚಿಕೆ ಬ್ಯಾಡ.

ತಾಯಿ ಒಬ್ಬಳೇ ಕೂಲಿ ಬಿಟ್ಟು ಹೋದರೆ ಚೀಟಿ ಮಾಡಿಸ್ಬೇಕೋ, ಮಗನ ಕೈ ಹಿಡೀಬೇಕೋ? ಸಂಘದವರು ಒಬ್ಬರು ಜೋಡಿ ಹೋದರೆ ಎರಡೂ ಆಗ್ತಾವ. ಸಾಲ, ಗೊಬ್ಬರ, ಬೀಜಕ್ಕೆ ಒಂದಾದ ನಾವು ಇದಕ್ಕೂ ಒಂದಾಗೋಣ. ಸಹಕಾರವೆಂದರೆ ಇದೂ ಹೌದು.