ಬಿಡಿಯ ಚೆಂದ, ಇಡಿಯ ಅರ್ಥ

(ಪೆರೇಸಂದ್ರದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ನೀವು ಸ್ಪರ್ಧೆಗೆ ಬರೆದ ಭಿತ್ತಿಪತ್ರಗಳನ್ನು ಬೆಳಿಗ್ಗೆ ನೋಡಿದೆ. ಹೂಬಳ್ಳಿ, ನಕ್ಷತ್ರ, ಬಣ್ಣದ ಅಕ್ಷರ ಎಲ್ಲವೂ ಬಿಡಿಬಿಡಿಯಾಗಿ ಚೆಂದ. ಆದರೆ ಕೆಲವುಗಳಲ್ಲಿ ಹೇಳಬೇಕಾದ ಮಾತನ್ನೇ ಹುಡುಕಬೇಕಾಯಿತು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಮ್ಮೆ ವಿದ್ಯಾರ್ಥಿವೇತನದ ಪ್ರಕಟಣೆಯೊಂದಕ್ಕೆ ಸುತ್ತಲೂ ಬಳ್ಳಿ ಬರೆದು, ಜಾಗ ಸಾಲದೆ ಕೊನೆಯ ದಿನಾಂಕವನ್ನು ಮೂಲೆಗೆ ತಳ್ಳಿದೆ. ಎಲ್ಲರೂ ಹೊಗಳಿದರು. ಒಬ್ಬ ಹೆಣ್ಣುಮಗಳು ಅರ್ಜಿ ತುಂಬಿ ತಂದಾಗ ಗಡುವು ಮುಗಿದು ಎರಡು ದಿನವಾಗಿತ್ತು. ನನ್ನ ಬಳ್ಳಿ ಅವಳ ಒಂದು ವರ್ಷವನ್ನು ನುಂಗಿತ್ತು.

ವಿಜಯಪುರದ ಗೋಲಗುಮ್ಮಟವನ್ನು ನೆನೆಯಿರಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಕೆಳಗೆ ಚೌಕಾಕಾರದ ಹಜಾರ, ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ದುಂಡು ಗುಮ್ಮಟ. ಚೌಕದ ಮೇಲೆ ದುಂಡು ಕೂರುವುದು ಹೇಗೆ? ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಅದಕ್ಕೆ ಪೀಠ ಕಟ್ಟಿವೆ. ಒಂಟಿ ಕಮಾನು ಆ ಭಾರ ಹೊರಲಾರದು. ಅದರ ಬೆಲೆ ಇರುವುದು ಉಳಿದವುಗಳ ಜೊತೆಯಲ್ಲಿ.

ಹಾಗಾದರೆ ಅಲಂಕಾರವೇ ಬೇಡವೇ? ಹಾಗಲ್ಲ. ಅದೇ ಊರಿನ ಇಬ್ರಾಹಿಂ ರೋಜಾದಲ್ಲಿ ಕೆತ್ತನೆಗೆ ಕೊರತೆಯಿಲ್ಲ. ಅಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಕಿಟಕಿಯ ಜಾಲರಿ ಮಾಡಿದ್ದಾರೆ. ಅಕ್ಷರ ಓದಲೂ ಬರುತ್ತದೆ, ಬೆಳಕನ್ನೂ ಒಳಗೆ ಬಿಡುತ್ತದೆ. ಅಲಂಕಾರ ಅಲ್ಲಿ ಕೆಲಸಕ್ಕೆ ನಿಂತಿದೆ.

ಅಷ್ಟು ದೂರ ಏಕೆ? ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯನ್ನು ನಿಮ್ಮಲ್ಲಿ ಹಲವರು ಮನೆಯಲ್ಲೇ ಕಂಡಿದ್ದೀರಿ. ಒಂದು ಗೂಡಿನ ಎಳೆ ಕೂದಲಿಗಿಂತ ಸಣ್ಣದು. ಹಲವು ಗೂಡುಗಳ ಎಳೆ ಕೂಡಿದರೇ ನೂಲು. ನಡುವೆ ಒಂದು ಎಳೆ ತಪ್ಪಿದರೆ ನೂಲು ತೆಳುವಾಗುತ್ತದೆ. ಬೇಡದ ಎಳೆ ಸೇರಿದರೆ ದಪ್ಪವಾಗುತ್ತದೆ. ಬಿಚ್ಚುವವರ ಕಣ್ಣು ಗೂಡಿನ ಮೇಲೂ ಇರಬೇಕು, ನೂಲಿನ ಮೇಲೂ ಇರಬೇಕು.

ಆದ್ದರಿಂದ ವಿದ್ಯಾರ್ಥಿಗಳೇ, ಬಣ್ಣ ಕಲೆಸುವ ಮೊದಲು ಹೇಳಬೇಕಾದುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದಕ್ಕೇ ದೊಡ್ಡ ಅಕ್ಷರ ಕೊಡಿ. ಸುತ್ತ ಸ್ವಲ್ಪ ಜಾಗ ಖಾಲಿ ಬಿಡಿ. ಖಾಲಿ ಜಾಗವೂ ಚಿತ್ರದ ಭಾಗವೇ. ಮುಗಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಒಂದೊಂದು ಹೂವನ್ನೂ ಬೆರಳಿನಿಂದ ಮುಚ್ಚಿ, "ಇದಿಲ್ಲದಿದ್ದರೆ ಏನು ನಷ್ಟ?" ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅದನ್ನು ತೆಗೆದುಬಿಡಿ. ಮನಸ್ಸಿಗೆ ನೋವಾಗುತ್ತದೆ, ನಿಜ. ಆದರೆ ಆ ಜಾಗದಲ್ಲಿ ಒಂದು ದಿನಾಂಕ ಸ್ಪಷ್ಟವಾಗಿ ಕಾಣಿಸಿದರೆ, ಯಾವುದೋ ಮನೆಯ ಮಗು ಹೊತ್ತಿಗೆ ಸರಿಯಾಗಿ ಅರ್ಜಿ ಹಾಕುತ್ತದೆ.